ಬನ್ನಿಯ ಜೊತೆಗೆ ಕೊಟ್ಟದ್ದು

ರೋಣದ ರೈತ ಸಂಪರ್ಕ ಕೇಂದ್ರದಲ್ಲಿ ವಿಜಯಲಕ್ಷ್ಮಿ ಗುಮಾಸ್ತೆಯಾಗಿ ಸೇರಿ ಹನ್ನೊಂದು ವರ್ಷವಾಗಿತ್ತು. ಮನೆ ಗಜೇಂದ್ರಗಡದಲ್ಲಿ. ಮುಂಜಾನೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವಳು. ಗಂಡ ಈರೇಶ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಅವಳೂ ನೇಕಾರರ ಮನೆಯಲ್ಲೇ ಹುಟ್ಟಿದವಳು. ನೌಕರಿ ಸಿಕ್ಕ ಮೇಲೆ ಮಗ್ಗಕ್ಕೆ ಕೂತಿರಲಿಲ್ಲ, ಆದರೆ ಕೈ ಕೇಳಬೇಕಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸೀರೆಗೆ ಹಾಸು ಹೊಕ್ಕು ಕೂಡಿಸಿದಂತೆ ಒಂದರೊಳಗೊಂದು ಹೆಣೆದು ಬಾಚಣಿಗೆ ಇಡುವ ಬುಟ್ಟಿ ಮಾಡಿದಳು. ಪಕ್ಕದ ಮನೆಯ ಕಳಕವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನನಗೂ ಒಂದು ಮಾಡಿ ಕೊಡವಾ" ಅಂದಳು. ಅಲ್ಲಿಂದ ಶುರುವಾದದ್ದು.

ಕಚೇರಿಯಲ್ಲಿ ಯಾರಿಗೆ ಏನು ಬೇಕು ಅನ್ನುವುದು ಅವಳಿಗೆ ತಾನಾಗಿಯೇ ಕಾಣುತ್ತಿತ್ತು. ಹಿರಿಯ ಗುಮಾಸ್ತ ಶಿವನಪ್ಪ ದಿನಕ್ಕೆ ಮೂರು ಸಲ ಚಷ್ಮಾ ಹುಡುಕುತ್ತಿದ್ದರು. ಅವರಿಗೆ ಚಷ್ಮಾದ ಡಬ್ಬಿ. ಕಂಪ್ಯೂಟರಿಗೆ ಕೂರುವ ಫರ್ದೀನನಿಗೆ ಫೋನು ನಿಲ್ಲಿಸುವ ಗೂಡು. ಇವೆಲ್ಲ ಕಾಗದ, ಅಂಟು, ಕತ್ತರಿಯಲ್ಲಿ ಆಗುವ ಕೆಲಸ. ಕೊಂಡು ಕೊಟ್ಟಿದ್ದರೆ ಅವರು ಸಂಕೋಚ ಪಡುತ್ತಿದ್ದರು. ಮಾಡಿ ಕೊಟ್ಟರೆ ನಕ್ಕು ಇಸಿದುಕೊಳ್ಳುತ್ತಿದ್ದರು. ಆ ನಗು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಆ ವರ್ಷ ದಸರೆಗೆ ಹದಿನೈದು ದಿನ ಮೊದಲು, ಬಸ್ ನಿಲ್ದಾಣದ ಹಿಂದಿನ ಟಿಪ್ಪುಸಾಬನ ರದ್ದಿ ಅಂಗಡಿಯಲ್ಲಿ ಅವಳಿಗೆ ಒಂದು ಕಟ್ಟು ಲಗ್ನಪತ್ರಿಕೆಯ ಹೊರರಟ್ಟು ಸಿಕ್ಕಿತು. ಒಳಗಿನ ಹಾಳೆ ಇರಲಿಲ್ಲ. ತಿಳಿನೀಲಿ ಬಣ್ಣ, ಒಳ್ಳೆ ದಪ್ಪ, ನಡುವೆ ಉಬ್ಬಿಸಿ ಒತ್ತಿದ ಬಂಗಾರ ಬಣ್ಣದ ಒಂದು ಅರಳಿ ಎಲೆ. ಗಣಪತಿ ಇಲ್ಲ, ನವಿಲಿಲ್ಲ, ಹೂವಿನ ಗದ್ದಲವಿಲ್ಲ. ಆರಿಸಿದವರಿಗೆ ಕಣ್ಣಿತ್ತು ಅಂದುಕೊಂಡಳು.

"ಒಂದೂ ಹಂಚಿಲ್ಲ ಇವನ್ನ," ಎಂದಳು. ಯಾವುದರ ಮೇಲೂ ಹೆಸರು ಬರೆದ ಗುರುತಿರಲಿಲ್ಲ.

"ಯಾರದೋ ಏನೋ ಆಗಿರ್ತೈತಿ ತಂಗಿ," ಎಂದ ಟಿಪ್ಪುಸಾಬ. "ನಾವು ಕೇಳಂಗಿಲ್ಲ. ರದ್ದಿ ಹಾಕಾಕ ಬಂದವರ ಮಾರಿ ನೋಡಬಾರದು ಅಂತ ನಮ್ಮಪ್ಪ ಹೇಳ್ತಿದ್ದ."

ಈ ಸಲ ಎಲ್ಲರಿಗೂ ಒಂದೇ ವಸ್ತು ಮಾಡಬೇಕು ಅನ್ನಿಸಿತು ಅವಳಿಗೆ. ಹಿಂಗಾರಿ ಬೀಜ ವಿತರಣೆ ಶುರುವಾದರೆ ಕಡಲೆಯ ಬಿತ್ತನೆ ಬೀಜಕ್ಕೆ ರೈತರ ಸಾಲು ನಿಲ್ಲುತ್ತದೆ. ಸಹಿ ಹಾಕಲು ಪೆನ್ನು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಐದು ಪೆನ್ ಸ್ಟ್ಯಾಂಡ್ ಮಾಡಿದಳು. ನೀಲಿ ಪಟ್ಟಿಗಳನ್ನು ಹೆಣೆದು ಸುತ್ತಿದಳು, ಅರಳಿ ಎಲೆಯನ್ನು ಮಾತ್ರ ಕತ್ತರಿಸದೆ ಇಡಿಯಾಗಿ ಮುಂದಕ್ಕೆ ಅಂಟಿಸಿದಳು. ಮಗ್ಗದಿಂದ ಎದ್ದು ಬಂದ ಈರೇಶ ಒಂದನ್ನು ಎತ್ತಿ, ಹೆಣಿಗೆ ಬಿಗಿಯಾಗಿದೆಯೇ ಎಂದು ಉಗುರಿನಲ್ಲಿ ಮೀಟಿ ನೋಡಿದ. "ಚಲೋ ಕುಂತೈತಿ," ಎಂದ. ಅವನ ಬಾಯಲ್ಲಿ ಅದು ದೊಡ್ಡ ಮಾತು.

ಹಬ್ಬ ಮುಗಿದು ಕಚೇರಿ ತೆರೆದ ದಿನ ಎಲ್ಲರಿಗೂ ಬನ್ನಿ ಎಲೆ ಕೊಡುತ್ತ, "ಬನ್ನಿ ತಗೊಂಡು ಬಂಗಾರದಂಗ ಇರೂನು" ಎನ್ನುತ್ತ, ಒಂದೊಂದು ಪೆನ್ ಸ್ಟ್ಯಾಂಡನ್ನೂ ಕೊಟ್ಟಳು. ಕೃಷಿ ಅಧಿಕಾರಿ ಸಾಹೇಬರಿಗೊಂದು, ಶಿವನಪ್ಪನವರಿಗೊಂದು, ಫರ್ದೀನನಿಗೊಂದು, ರೈತರು ಸಹಿ ಮಾಡುವ ಮೇಜಿಗೊಂದು. ಐದನೆಯದು ಗೌತಮಿಗೆ.

ಗೌತಮಿ ಅಬ್ಬಿಗೇರಿಯ ಹುಡುಗಿ. ಬೀಜದ ದಾಸ್ತಾನು ನೋಡಿಕೊಳ್ಳುವ ಕೆಲಸಕ್ಕೆ ಬಂದು ಎರಡು ವರ್ಷ. ಮಾತು ಕಡಿಮೆ, ಕೆಲಸ ಚೊಕ್ಕ. ಮಧ್ಯಾಹ್ನ ವಿಜಯಲಕ್ಷ್ಮಿಯ ಮೇಜಿನ ಎದುರು ಕೂತು ಇಬ್ಬರೂ ಡಬ್ಬಿ ಬಿಚ್ಚುವುದು ಮೊದಲಿನಿಂದ ಬಂದ ಪದ್ಧತಿ. ಕಳೆದ ಬೇಸಿಗೆಯಲ್ಲಿ ಅವಳ ಲಗ್ನ ನಿಕ್ಕಿಯಾಗಿತ್ತು. ಆಮೇಲೆ ಮುಂದಕ್ಕೆ ಹೋಯಿತು ಅಂದಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಂದು ಗೌತಮಿ ಪೆನ್ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದಳು. ಎಲೆಯ ಮೇಲೆ ಹೆಬ್ಬೆರಳು ನಿಂತಿತು.

"ಎಲ್ಲಾರಿಗೂ ಇದನ್ನ ಮಾಡೀರೇನ್ರಿ ಅಕ್ಕಾರ?"

"ಎಲ್ಲಾರಿಗೂ," ಎಂದಳು ವಿಜಯಲಕ್ಷ್ಮಿ ಹಿಗ್ಗಿನಿಂದ. "ಹೆಚ್ಚು ಕಡಿಮಿ ಇಲ್ಲ. ಎಲ್ಲಾರಿಗೂ ಒಂದ."

"ಭಾಳ ಚಲೋ ಆಗೇತ್ರಿ," ಎಂದು ಗೌತಮಿ ತನ್ನ ಜಾಗಕ್ಕೆ ಹೋದಳು.

ಮರುದಿನದಿಂದ ಅವಳು ಊಟಕ್ಕೆ ಬರಲಿಲ್ಲ. ಗೋದಾಮಿನಲ್ಲಿ ಎಣಿಕೆ ಇದೆ ಎಂದಳು. ಅದರ ಮರುದಿನವೂ ಎಣಿಕೆ. ಒಂದು ವಾರ ಕಳೆದ ಮೇಲೆ ವಿಜಯಲಕ್ಷ್ಮಿ ಗಮನಿಸಿದಳು: ಗೌತಮಿಯ ಮೇಜಿನ ಮೇಲೆ ಪೆನ್ ಸ್ಟ್ಯಾಂಡ್ ಇಲ್ಲ. ಒಮ್ಮೆ ದಾಸ್ತಾನು ಪುಸ್ತಕ ತೆಗೆಯಲು ಅವಳ ಖಾನೆ ಎಳೆದಾಗ, ಒಳಗೆ ಮೂಲೆಯಲ್ಲಿ ವರ್ತಮಾನ ಪತ್ರಿಕೆಯಲ್ಲಿ ಸುತ್ತಿಟ್ಟದ್ದು ಕಂಡಿತು. ಹೊರಗೆ ಇಣುಕಿದ ನೀಲಿ ಅಂಚು ನೋಡಿಯೇ ತಿಳಿಯಿತು.

ಅವಳ ಮನಸ್ಸಿಗೆ ಹತ್ತಿತು. ಬೇಡವಾದರೆ ಬೇಡವೆನ್ನಬಹುದಿತ್ತು. ಬಸ್ಸಿನಲ್ಲಿ ಕೂತು ಏನೇನೋ ಲೆಕ್ಕ ಹಾಕಿದಳು. ನಾನೇನಾದರೂ ಮಾತಾಡಿದೆನೇ? ಜಾತಿ ಗೀತಿ ಅನ್ನುವಂಥದ್ದೇನಾದರೂ ನನ್ನ ಬಾಯಿಂದ ಬಂತೇ? ಡಬ್ಬಿಯಲ್ಲಿನ ಪಲ್ಯ ಹಂಚಿಕೊಂಡು ಉಂಡವರು ನಾವು. ಕೊನೆಗೆ ಸಿಟ್ಟೇ ಗೆದ್ದಿತು. ಶಿವನಪ್ಪನಂಥ ಶಿವನಪ್ಪ ಅದನ್ನು ಒರೆಸಿ ಒರೆಸಿ ಇಡುತ್ತಾರೆ, ಇವಳಿಗೇನು ದೊಡ್ಡಸ್ತಿಕೆ. ಅಲ್ಲಿಂದ ಮುಂದೆ ಅವಳೂ ಕರೆಯುವುದನ್ನು ಬಿಟ್ಟಳು. ಒಬ್ಬಳೇ ಉಣ್ಣುತ್ತ ಕಿಟಕಿಯಾಚೆ ಟ್ರ್ಯಾಕ್ಟರುಗಳನ್ನು ನೋಡುತ್ತಿದ್ದಳು. ಊಟ ಲಗೂ ಮುಗಿಯುತ್ತಿತ್ತು.

ದೀಪಾವಳಿ ಹತ್ತಿರ ಬಂದಾಗ ಶಿವನಪ್ಪ ತಮ್ಮ ಮಗಳಿಗೂ ಅಂಥದೇ ಒಂದು ಬೇಕೆಂದು ಕೇಳಿದರು. ವಿಜಯಲಕ್ಷ್ಮಿ ಮತ್ತೆ ಟಿಪ್ಪುಸಾಬನ ಅಂಗಡಿಗೆ ಹೋದಳು.

"ಅದ ನೀಲಿ ರಟ್ಟು ಇನ್ನೂ ಅದಾವೇನು ಕಾಕಾ?"

"ಒಂದು ಕಟ್ಟು ಹಂಗ ಐತಿ. ಆದ್ರ ಬಿಡಿಸಿಲ್ಲ ನೋಡವಾ. ಒಳಹಾಳಿ ತೆಳ್ಳಗಿರ್ತಾವ, ಅವು ಬ್ಯಾರೆ ಗಂಟಿಗೆ ಹೋಗ್ತಾವ. ನೀನ ಕಿತ್ತು ಇಲ್ಲೇ ಒಗದು ಹೋಗು."

ಅವಳು ಅಲ್ಲೇ ತೂಕದ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೊದಲನೆಯದನ್ನು ಬಿಚ್ಚಿದಳು. ಒಳಹಾಳೆ ಕೀಳುವ ಮೊದಲು ಕಣ್ಣು ಸಹಜವಾಗಿ ಓದಿತು. ಚಿ. ಸೌ. ಗೌತಮಿ. ಅದರ ಕೆಳಗೆ ಸಣ್ಣಕ್ಷರದಲ್ಲಿ, ಶ್ರೀಮತಿ ಸಕ್ರವ್ವ ಮತ್ತು ಶ್ರೀ ಯಮನೂರಪ್ಪ ಇವರ ಸುಪುತ್ರಿ. ಸಾಕಿನ್ ಅಬ್ಬಿಗೇರಿ. ವರ ನರಗುಂದದವನು. ಮೇ ತಿಂಗಳ ಒಂದು ರವಿವಾರ.

ಎರಡನೆಯದನ್ನು ಬಿಚ್ಚಿದಳು, ಬೇರೇನಾದರೂ ಇದ್ದೀತು ಎಂಬಂತೆ. ಅದೇ ಇತ್ತು.

ಅಂದು ಸಂಜೆಯ ಬಸ್ಸು ತಪ್ಪಿತು. ಇನ್ನೊಂದು ಬರುವವರೆಗೆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಳು. ಸಾಹೇಬರ ಮೇಜಿನ ಮೇಲೆ ಒಂದು, ಶಿವನಪ್ಪನವರ ಮೇಜಿನ ಮೇಲೆ ಒಂದು, ಫರ್ದೀನನ ಹತ್ತಿರ ಒಂದು. ದಿನಕ್ಕೆ ನೂರು ಜನ ರೈತರು ಪೆನ್ನು ತೆಗೆಯುವ, ಪೆನ್ನು ಇಡುವ ಮೇಜಿನ ಮೇಲೆ ಒಂದು. ಮೂರು ವಾರ ಆ ಹುಡುಗಿ ತನ್ನ ಲಗ್ನಪತ್ರಿಕೆಗಳ ನಡುವೆ ಓಡಾಡಿ ಬೀಜದ ಚೀಲ ಎಣಿಸಿದ್ದಳು. ಹೆಚ್ಚು ಕಡಿಮಿ ಇಲ್ಲ, ಎಲ್ಲಾರಿಗೂ ಒಂದ ಎಂದು ತಾನೇ ಹಿಗ್ಗಿ ಹೇಳಿದ್ದಳು. 

ಮರುದಿನ ಎಲ್ಲರಿಗಿಂತ ಮೊದಲು ಕಚೇರಿಗೆ ಬಂದಳು. ಸಾಹೇಬರದ್ದೂ ಫರ್ದೀನನದ್ದೂ ರೈತರ ಮೇಜಿನದ್ದೂ ಎತ್ತಿ ಕೈಚೀಲಕ್ಕೆ ಹಾಕಿದಳು. ಅಷ್ಟರಲ್ಲಿ ಶಿವನಪ್ಪ ಬಂದರು.

"ಯಾಕ್ರಿ ಬಾಯಾರ, ಕೊಟ್ಟಿದ್ದು ವಾಪಸ್ ಒಯ್ತೀರೇನು?"

"ಅಂಟು ಬಿಡಾಕ ಹತ್ತೈತ್ರಿ ಸರ. ರಿಪೇರಿ ಮಾಡಿ ತರ್ತೀನಿ."

"ನಂದೇನೂ ಬಿಟ್ಟಿಲ್ಲ," ಎಂದು ಶಿವನಪ್ಪ ತಮ್ಮದರ ಮೇಲೆ ಕೈಯಿಟ್ಟರು. "ಗಟ್ಟಿಮುಟ್ಟಿ ಐತಿ. ಇದನ್ನ ಮುಟ್ಟಬ್ಯಾಡ್ರಿ."

ಬಾಗಿಲಲ್ಲಿ ಗೌತಮಿ ನಿಂತಿದ್ದಳು. ತುಂಬಿದ ಕೈಚೀಲ ನೋಡಿದಳು, ವಿಜಯಲಕ್ಷ್ಮಿಯ ಮುಖ ನೋಡಿದಳು. ಗೋದಾಮಿನ ಕೀಲಿಕೈ ತೆಗೆದುಕೊಂಡು ಹೋದಳು.

ಮಧ್ಯಾಹ್ನ ವಿಜಯಲಕ್ಷ್ಮಿ ಡಬ್ಬಿ ಹಿಡಿದು ಗೋದಾಮಿಗೆ ಹೋದಳು. ಕಡಲೆ ಬೀಜದ ಚೀಲಗಳ ನಡುವೆ, ಒಂದು ಚೀಲದ ಮೇಲೆ ಗೌತಮಿ ಉಣ್ಣುತ್ತ ಕೂತಿದ್ದಳು. ಸರಿದು ಜಾಗ ಕೊಟ್ಟಳು.

"ನನಗ ಗೊತ್ತಿದ್ದಿಲ್ಲ ಗೌತಮಿ," ಎಂದಳು ವಿಜಯಲಕ್ಷ್ಮಿ. "ಒಳಹಾಳಿ ಇದ್ದಿಲ್ಲ. ನಿನ್ನೆ ನೋಡಿದೆ."

"ಗೊತ್ತೈತ್ರಿ. ಗೊತ್ತಿದ್ರ ನೀವು ಮಾಡ್ತಿದ್ದಿಲ್ಲ."

"ಹೇಳಬೇಕಿಲ್ಲೇನು? ಅವತ್ತ ತಗೀತಿದ್ದೆ."

"ಏನಂತ ಹೇಳೂದ್ರಿ? ಎಲ್ಲಾರೂ ನಗ್ತಿದ್ರು, ಹಬ್ಬ ಬ್ಯಾರೆ." ರೊಟ್ಟಿ ಮುರಿದು ಕೈಯಲ್ಲೇ ಹಿಡಿದಳು. "ಆ ಎಲಿ ನಾನ ಆರಿಸಿದ್ದೆ. ಗದಗಿನ ಪ್ರೆಸ್ಸಿಗೆ ಎರಡು ಸಲ ಹೋಗಿ ಬಣ್ಣ ಬದಲಿ ಮಾಡಿಸಿದ್ದೆ. ಪ್ರಿಂಟ್ ಆಗಿ ಬಂದ ಮ್ಯಾಲೆ ಗಂಡಿನವರು ಅಂದ್ರು, ಲಗ್ನ ಆದ ಮ್ಯಾಲೆ ನೌಕರಿ ಬಿಡಬೇಕು ಅಂತ. ಮೊದಲ ಅಂದಿದ್ರ ಪತ್ರಿಕಿನ ಮಾಡಸ್ತಿದ್ದಿಲ್ಲ. ನಾನ ಒಲ್ಲೆ ಅಂದೆ. ಅಪ್ಪ ಸುಮ್ಮನಾದ. ಅಣ್ಣ ಪ್ರಬುದ್ಧ, ನೀ ಹೇಳಿದ್ದ ಖರೇ ಅಂದ. ಪತ್ರಿಕಿ ಕಟ್ಟು ನಾನ ಹೊತ್ಕೊಂಡು ಬಂದು ರದ್ದಿಗೆ ಹಾಕಿದೆ. ಸುಡಾಕ ಮನಸ್ಸಾಗಲಿಲ್ಲ."

"ಅವ್ವ?"

"ಅವ್ವ ಅವತ್ತಿಂದ ನನ್ನ ಕೂಡ ಮಾತಾಡಿಲ್ಲ. ಆರು ತಿಂಗಳಾತು. ಡಬ್ಬಿ ಕಟ್ಟಿ ಇಡ್ತಾಳ. ರೊಟ್ಟಿ ಬಿಸಿನ ಇರ್ತಾವ. ಮಾತಿಲ್ಲ."

ವಿಜಯಲಕ್ಷ್ಮಿ ತನ್ನ ಡಬ್ಬಿಯ ಬದನೆಕಾಯಿ ಎಣ್ಣೆಗಾಯಿಯನ್ನು ಅವಳ ಮುಚ್ಚಳಕ್ಕೆ ಬಡಿಸಿದಳು. ಗೌತಮಿ ಅದನ್ನು ಉಂಡಳು.

"ಮೊದಲನೇ ವಾರ ಭಾಳ ತ್ರಾಸ ಆತ್ರಿ," ಎಂದಳು. "ನಿಮ್ಮ ಮ್ಯಾಲೆ ಸಿಟ್ಟ ಬಂದಿತ್ತು. ಆಮ್ಯಾಲೆ ಒಂದಿನ ಯಾವಗಲ್ ಊರಿನ ಅಜ್ಜ ಒಬ್ಬ ಸಹಿ ಮಾಡಿ, ಪೆನ್ನು ಹೊಳ್ಳಿ ಇಟ್ಟು, ಆ ಎಲಿ ಮ್ಯಾಲೆ ಕೈ ಆಡಿಸಿ, ಚಂದ ಐತಿ ತಂಗಿ ಅಂದ. ಹೂಂ ಅಂದೆ. ಹಂಚೂದಿತ್ತು, ಹಂಚಿದಂಗಾತು ಅಂತ ನಗು ಬಂತು." ಅವಳು ನಿಜವಾಗಿಯೂ ಸ್ವಲ್ಪ ನಕ್ಕಳು. "ಮತ್ತ ಎಲ್ಲಾ ಇದ್ದಲ್ಲೇ ಇಡ್ರಿ. ನಂದು ಮಾತ್ರ ಮ್ಯಾಲೆ ಇಡಾಕ ಆಗೂದಿಲ್ಲ."

"ಇಡಬ್ಯಾಡ."

"ಇನ್ನೂ ಎಷ್ಟು ಅದಾವು?"

"ಒಂದು ಕಟ್ಟು. ನಮ್ಮ ಮನ್ಯಾಗ ಐತಿ. ನೀ ಹೇಳಿದಂಗ ಮಾಡ್ತೀನಿ."

ಗೌತಮಿ ಯೋಚಿಸಿದಳು. "ರವಿವಾರ ಬರ್ತೀನ್ರಿ," ಎಂದಳು.

ರವಿವಾರ ಅವಳು ಗಜೇಂದ್ರಗಡಕ್ಕೆ ಬಂದಳು. ನಡುಮನೆಯಲ್ಲಿ ಈರೇಶನ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ಇಬ್ಬರೂ ಕೂತರು. ವಿಜಯಲಕ್ಷ್ಮಿ ಒಳಹಾಳೆಗಳನ್ನು ಮೊದಲೇ ತೆಗೆದು ಒಂದು ಚೀಲದಲ್ಲಿ ಕಟ್ಟಿಟ್ಟಿದ್ದಳು. ಗೌತಮಿ ಆ ಚೀಲವನ್ನು ಬಿಚ್ಚಲಿಲ್ಲ. ಹಿತ್ತಲಿಗೆ ಹೋಗಿ ನೀರೊಲೆಗೆ ಹಾಕಿ ಬಂದಳು. ರಟ್ಟುಗಳ ಮುಂದೆ ಕೂತು ಕತ್ತರಿ ಕೇಳಿದಳು.

ವಿಜಯಲಕ್ಷ್ಮಿ ಎಲೆ ಉಳಿಸಿ ಸುತ್ತಲೂ ಕತ್ತರಿಸುತ್ತಿದ್ದಳು. ಗೌತಮಿ ಎಲೆಯ ನಡುವಿನಿಂದಲೇ ಸೀಳಿದಳು. ಮೊದಲ ಪಟ್ಟಿ ಸೊಟ್ಟಗಾಯಿತು, ಎರಡನೆಯದೂ ಸೊಟ್ಟ. ಆಮೇಲೆ ಕೈ ಕೂತಿತು. ಹೆಣೆಯುವಾಗ ಬಂಗಾರದ ಚೂರುಗಳು ನೀಲಿಯಲ್ಲಿ ಅಲ್ಲೊಂದು ಇಲ್ಲೊಂದು ಬಂದವು. ಎಲೆ ಎಂದು ಯಾರೂ ಅನ್ನುವಂತಿರಲಿಲ್ಲ.

"ಏನು ಮಾಡ್ತಿ?"

"ಡಬ್ಬಿ. ಅವ್ವಗ ಎಲಿ ಅಡಿಕಿ ಇಟ್ಕೊಳ್ಳಾಕ."

ವಿಜಯಲಕ್ಷ್ಮಿಯ ಕೈ ನಿಂತಿತು. "ಆಕಿಗೆ ಗುರುತು ಹತ್ತೂದಿಲ್ಲೇನು? ಈ ಬಣ್ಣ ನೋಡಿರ್ತಾಳಲ್ಲ."

"ಹತ್ತಲಿ ಅಂತನ ಮಾಡಾಕ ಹತ್ತೀನ್ರಿ," ಎಂದಳು ಗೌತಮಿ. "ಆಕಿ ಅದನ್ನ ನನ್ನ ಮ್ಯಾಲೆ ಒಗದ್ರೂ ಚಿಂತಿಲ್ಲ. ಏನರ ಒಂದು ಮಾಡಲಿ."

ಸಂಜೆ ಹೊತ್ತಿಗೆ ಡಬ್ಬಿ ಮುಗಿಯಿತು. ವಿಜಯಲಕ್ಷ್ಮಿ ತಿದ್ದಲು ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡಳು. ಇಷ್ಟು ವರ್ಷ ಕೊಟ್ಟದ್ದನ್ನೆಲ್ಲ ನೆನೆದಳು. ಕೊಡುವಾಗ ಎದುರಿನವರ ನಗುವನ್ನು ನೋಡುತ್ತಿದ್ದಳೇ ಹೊರತು, ಅವರ ಕೈ ಎಲ್ಲಿ ನಿಂತಿತು ಎಂದು ಎಂದೂ ನೋಡಿರಲಿಲ್ಲ. ಹುಡುಗಿಯನ್ನು ಬಸ್ಸಿಗೆ ಹತ್ತಿಸಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ.

ಸೋಮವಾರ ಬೀಜದ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಮಾತಾಡಲು ಬಿಡುವು ಸಿಕ್ಕಿದ್ದು ಮಧ್ಯಾಹ್ನ. ಗೌತಮಿ ಊಟದ ಡಬ್ಬಿ ಹಿಡಿದು ವಿಜಯಲಕ್ಷ್ಮಿಯ ಮೇಜಿನ ಎದುರಿಗೆ ಬಂದು ಕೂತಳು.

"ಅವ್ವಗ ಕೊಟ್ಟೀಯೇನು?"

"ಕೊಟ್ಟೆ. ಒಲಿ ಮುಂದ ಕುಂತಿದ್ಲು. ತಗೊಂಡು ಭಾಳ ಹೊತ್ತು ನೋಡಿದ್ಲು. ಎದ್ದು ಒಳಗ ಹೋದ್ಲು. ನಾ ಅಂದ್ಕೊಂಡೆ, ಮುಗೀತು ಅಂತ. ಹೊರಗ ಬಂದಾಗ ಎಲಿ, ಅಡಿಕಿ, ಸುಣ್ಣದ ಡಬ್ಬಿ ಎಲ್ಲಾ ಅದರಾಗ ಇಟ್ಕೊಂಡು ಬಂದಿದ್ಲು."

"ಏನಂದ್ಲು?"

ಗೌತಮಿ ರೊಟ್ಟಿಯ ಗಂಟು ಬಿಚ್ಚುತ್ತ ತಲೆ ತಗ್ಗಿಸಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಥಟ್ಟನೆ ತಿಳಿಯಲಿಲ್ಲ.

"ಮುಚ್ಚಳ ಸಡ್ಲ ಆಗೇತಿ ಅಂದ್ಲ್ರಿ. ಇಷ್ಟು ಓದೀದಿ, ಒಂದು ಮುಚ್ಚಳ ನೆಟ್ಟಗ ಮಾಡಾಕ ಬರೂದಿಲ್ಲೇನ ನಿನಗ, ಅಂದ್ಲು."

ವಿಜಯಲಕ್ಷ್ಮಿ ಎದುರಿನ ಡಬ್ಬಿಯಿಂದ ಒಂದು ರೊಟ್ಟಿ ತೆಗೆದುಕೊಂಡಳು. ಹೊರಗೆ ಯಾರೋ ರೈತ, ಊಟಾದ ಮೇಲಾದರೂ ನಮ್ಮ ಚೀಟಿ ನೋಡ್ರಿ ಬಾಯಾರ ಎಂದು ಕೂಗಿದ. ಬರ್ತೀವ್ರಿ, ಎಂದಳು ಗೌತಮಿ, ಬಾಯಲ್ಲಿ ತುತ್ತಿಟ್ಟುಕೊಂಡೇ.