ಎರಡು ಗಂಟೆ: ಮಲಗಿದ್ದರು

ಹೃದಯದ ರಕ್ತನಾಳ ಕಟ್ಟಿಕೊಂಡು ಆಸ್ಪತ್ರೆ ಸೇರಿ ಬಂದ ಮೇಲೆ, ನಮ್ಮ ಯಜಮಾನರು ಹೊನ್ನಯ್ಯನವರ ಎದೆಗೆ ಮಂಡ್ಯದ ಡಾಕ್ಟರು ಒಂದು ಪುಟ್ಟ ಪೆಟ್ಟಿಗೆ ಕಟ್ಟಿದರು. ಐದು ವೈರು, ಐದು ಅಂಟುಪಟ್ಟಿ. ಒಂದು ದಿನದ ಬಡಿತವನ್ನೆಲ್ಲ ಅದು ಹಿಡಿದಿಡುತ್ತದಂತೆ.

"ಬಡಿತ ಹಳಿ ತಪ್ಪಿ ಜೀವಕ್ಕೆ ಅಪಾಯ ಆಗೋ ಹಾಗಿದ್ರೆ ಮೊದ್ಲೇ ಸುಳಿವು ಸಿಗುತ್ತೆ. ಯಾವ ಗಂಟೆಗೆ ಏನು ಮಾಡಿದ್ರು ಅಂತ ಬರೀರಿ," ಎಂದು ಹಾಳೆ ಕೊಟ್ಟರು.

ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು ನಾನು. ಗಡಿಯಾರದ ಕೆಳಗೇ ಕೂತು ಬರೆದೆ. ಹನ್ನೆರಡು ಗಂಟೆ: ಮುದ್ದೆ ಉಂಡರು. ಎರಡು ಗಂಟೆ: ಮಲಗಿದ್ದರು. ಅಂಥ ಸೆಕೆಯಲ್ಲೂ ಕುತ್ತಿಗೆವರೆಗೆ ದುಪ್ಪಟಿ ಹೊದ್ದಿದ್ದರು. ಪೆಟ್ಟಿಗೆ ಅಲುಗದಿರಲಿ ಅಂತಿರಬೇಕು ಅಂದುಕೊಂಡೆ.

ಮರುದಿನ ಡಾಕ್ಟರು ಪೆಟ್ಟಿಗೆ ಹಿಡಿದಿಟ್ಟಿದ್ದನ್ನೂ ನನ್ನ ಹಾಳೆಯನ್ನೂ ನೋಡಿ, "ಗಾಬರಿ ಪಡೋ ಅಂಥದ್ದೇನಿಲ್ಲ. ಆದ್ರೆ ಎರಡು ಗಂಟೆಗೆ ಮಲಗಿದ್ರು ಅಂತಿದೆ. ಗದ್ದೆ ಅಗೆಯೋನ ಹಾಗೆ ಬಡಿದಿದೆಯಲ್ಲ! ಯಾರು ಬರೆದಿದ್ದು?" ಎಂದರು.

"ಇವ್ಳೇ ಸಾ," ಎಂದರು ಯಜಮಾನರು. "ರಾತ್ರಿ ಸ್ಕೂಲ್ನೋಳು. ಗಂಟೆ ನೋಡಾಕೆ ಬರಾಕಿಲ್ಲ."

ಡಾಕ್ಟರು ನಕ್ಕು ಆ ಸಾಲಿಗೆ ಕೆಂಪು ಗೆರೆ ಎಳೆದರು. ನಾನು ತಲೆ ತಗ್ಗಿಸಿದೆ. ನನ್ನದೇ ತಪ್ಪೆಂದು ನಂಬಿದೆ.

ಮೂರನೇ ದಿನ ಮೈದುನ ತಿಮ್ಮಯ್ಯ ಕಬ್ಬು ಹೊತ್ತು ಬಂದು ನಲ್ಲಿ ಹತ್ತಿರ ಮೈ ತೊಳೆಯುತ್ತಿದ್ದ. ಎದೆ ಮೇಲೆ ದುಂಡಗೆ ಕೆಂಪು ಗುರುತು.

"ಇದೇನ್ಲಾ?"

"ಸೊಳ್ಳೆ ಕಣತ್ಗೆ."

"ಐದು ಸೊಳ್ಳೆ, ಒಂದೇ ಅಳತೇಲಿ ಕಚ್ಚಿದ್ವಾ?"

ಅವನು ಟವೆಲು ಹೊದ್ದುಕೊಂಡ. "ಅಣ್ಣ ಯೋಳ್ಬ್ಯಾಡ ಅಂದವ್ನೆ."

ಒಳಗೆ ಹೋಗಿ ಕೇಳಿದೆ. ಯಜಮಾನರು ಮುಚ್ಚಿಡಲಿಲ್ಲ. "ರಿಪೋಲ್ಟು ಕೆಟ್ರೆ ಆಲೆಮನೇಲಿ ಕೊಪ್ಪರಿಗೆ ತಾವ್ಕೆ ಬುಡ್ತಾರಾ? ಬೆಲ್ಲದ ಪಾಕ ನನ್ನಂಗೆ ಇನ್ಯಾರು ನೋಡಾರು?"

"ಅದ್ಕೆ ಪೆಟ್ಟಿಗೆ ಬಿಚ್ಚಿ ತಮ್ಮಂಗೆ ಕಟ್ಟಿ, ಅವ್ನ ಗುಂಡ್ಗೆ ತೋರ್ಸುದ್ರಾ? ಅದಿರ್ಲಿ, ಡಾಕ್ಟ್ರ ಮುಂದೆ ನನ್ಯಾಕೆ ದಡ್ಡಿ ಮಾಡುದ್ರಿ?"

"ಇನ್ಯಾರ್ ಮ್ಯಾಲೆ ಆಕ್ಲಿ?"

ನಲವತ್ತು ವರ್ಷ ಜೊತೆಗೆ ಬಾಳಿದವರ ಮಾತು.

ಮರುದಿನ ನಮ್ಮೂರು ಯಲಿಯೂರಿನಿಂದ ಒಬ್ಬಳೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಯಜಮಾನರನ್ನು ಕರೆಸಿ ಮತ್ತೆ ಪೆಟ್ಟಿಗೆ ಕಟ್ಟಿದರು. ಈ ಸಲ ಪ್ರತಿ ಗಂಟೆಗೂ ಅವರ ಅಂಗಿ ಎತ್ತಿ ನೋಡಿಯೇ ಬರೆದೆ. ಮೂರು ಗಂಟೆ: ಸುಮ್ಮನೆ ಕೂತಿದ್ದರು.

ಡಾಕ್ಟರು ಈ ಸಲ ನಗಲಿಲ್ಲ. ಮೂರು ಗಂಟೆಗೆ ಅಪಾಯದ ಬಡಿತ, ಒಂದರ ಹಿಂದೆ ಒಂದು, ಒಂಬತ್ತು. ಇನ್ನೂ ಪರೀಕ್ಷೆ ಆಗಬೇಕು, ಎದೆಯೊಳಗೆ ಯಂತ್ರ ಇಡಬೇಕಾಗಬಹುದು, ಕೊಪ್ಪರಿಗೆ ಮುಂದೆ ನಿಲ್ಲುವಂತಿಲ್ಲ ಎಂದರು.

ಬಸ್ಸಿನಲ್ಲಿ ಯಜಮಾನರು ಮೆಲ್ಲಗೆ, "ನೀನ್ ಸರ್ಯಾಗೇ ಬರ್ದಿದ್ದೆ ಕಣಮ್ಮಿ," ಎಂದರು.

ನಾನು ಕಿಟಕಿ ಕಡೆಯೇ ನೋಡಿದೆ. ಕೆಂಪು ಗೆರೆ ಬಿದ್ದ ಮೊದಲ ಹಾಳೆಯನ್ನು ಡಾಕ್ಟರಿಂದ ಕೇಳಿ ಪಡೆದು ಚೀಲದಲ್ಲಿಟ್ಟುಕೊಂಡಿದ್ದೆ. ಆ ಸಾಲಿನಲ್ಲಿ ತಪ್ಪಿಲ್ಲ. ಎರಡು ಗಂಟೆಗೆ ಅವರು ಮಲಗಿಯೇ ಇದ್ದರು.