ಹನ್ನೆರಡನೇ ಮಹಡಿಗಿಂತ ಮೇಲೆ

ಮೂವತ್ತನಾಲ್ಕು ವರ್ಷಗಳಿಂದ ಜನರನ್ನು ಮೇಲಕ್ಕೆ ಕಳಿಸುವುದೇ ನನ್ನ ಕೆಲಸ. ನಾನು ಲಿಫ್ಟ್ ಮೆಕ್ಯಾನಿಕ್. ಹದಿನಾಲ್ಕು ಕಟ್ಟಡಗಳ ಲಿಫ್ಟುಗಳು ನನ್ನ ಕೈಯಲ್ಲಿವೆ. ಅದರಲ್ಲಿ ಒಂದು ನಾವೇ ಇರುವ ಕಟ್ಟಡದ್ದು, ಏಳನೇ ಮಹಡಿ ನಮ್ಮದು. ಲಿಫ್ಟು ಸರಿಯಾಗಿ ಓಡುವಷ್ಟು ದಿನ ನಾನು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ನಿಂತ ದಿನ ಮಾತ್ರ ನನ್ನ ವಂಶವನ್ನೆಲ್ಲ ನೆನೆಸಿಕೊಳ್ಳುತ್ತಾರೆ. ಇರಲಿ, ಅದು ಈ ಕಸುಬಿನ ಹಣೆಬರಹ. ನನ್ನ ಸಿಟ್ಟು ಅದರ ಮೇಲಲ್ಲ. ಪ್ರತಿ ಕಟ್ಟಡದ ತುತ್ತತುದಿಯಲ್ಲಿ ನನಗೆ ಸಿಗುವುದೇನು ಹೇಳಿ? ಮೋಟಾರು ಕೂತಿರುವ ಒಂದು ಕೋಣೆ, ಕಿಟಕಿ ಇಲ್ಲ, ಗ್ರೀಸಿನ ವಾಸನೆ. ಊರಿಗೆಲ್ಲ ಮೇಲಿನ ನೋಟ, ನನಗೆ ಮೋಟಾರಿನ ಬೆನ್ನು. ಕಣ್ಣು ಮುಚ್ಚುವುದರೊಳಗೆ ಒಂದು ಸಲವಾದರೂ, ತಲೆಯ ಮೇಲೆ ಆಕಾಶ ಬಿಟ್ಟು ಬೇರೇನೂ ಇಲ್ಲದ ಎತ್ತರಕ್ಕೆ, ಯಾವ ಹಗ್ಗವೂ ಎಳೆಯದೆ, ನನ್ನ ಕಾಲ ಮೇಲೆ ನಾನೇ ಹೋಗಿ ನಿಲ್ಲಬೇಕು ಅನ್ನುವುದು ನನ್ನ ಆಸೆ.

ಹಾಗಾಗಿ ಪರ್ವತಕ್ಕೆ ಹೊರಟೆವು, ನಾನೂ ನನ್ನ ಹೆಂಡತಿಯೂ. ಹೊರಡುವುದಕ್ಕೆ ಇನ್ನೂ ಎರಡು ತಿಂಗಳಿತ್ತು, ನಿಜ. ಆದರೆ ಪ್ರವಾಸದ ಕಚೇರಿಯಲ್ಲಿ ಹೆಸರು ಬರೆಸಿದ ಸಂಜೆಯೇ ನನ್ನ ಮನಸ್ಸು ಹೊರಟುಹೋಗಿತ್ತು. ನಾಲ್ಕೂವರೆ ಸಾವಿರ ಮೀಟರ್ ಎತ್ತರ, ಎಂಟು ದಿನ, ಹತ್ತು ಜನರ ಗುಂಪು, ಕೊನೆಯ ಮೂರು ದಿನ ನಡಿಗೆ. ಒಂದೇ ಒಂದು ಷರತ್ತು: ತಿಂಗಳ ನಂತರ ಕಚೇರಿಯ ಡಾಕ್ಟರು ಪರೀಕ್ಷೆ ಮಾಡುತ್ತಾರೆ, ಅವರು ಸಹಿ ಹಾಕಿದರೆ ಪ್ರಯಾಣ, ಇಲ್ಲವಾದರೆ ಮನೆ. ಅದನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಐವತ್ತೆಂಟು ವರ್ಷ ನನಗೆ, ಒಂದು ದಿನವೂ ಕಾಯಿಲೆ ಅಂತ ಮಲಗಿದವನಲ್ಲ.

ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಬೆಳಗ್ಗೆ ಎದ್ದು ಮೊಬೈಲಿನಲ್ಲಿ ಆ ಪರ್ವತದ ಮೇಲಿನ ಚಳಿ ಎಷ್ಟು ಅಂತ ನೋಡಿ ಗಟ್ಟಿಯಾಗಿ ಓದುತ್ತಿದ್ದೆ. ಮೈನಸ್ ಎಂಟು ಎಂದರೆ ಹಬ್ಬ, ಮೈನಸ್ ಎರಡು ಎಂದರೆ ಏನೋ ಮೋಸ ಹೋದ ಹಾಗೆ. ಹೊಸ ಬೂಟು ಪಳಗಲಿ ಅಂತ ಮನೆಯೊಳಗೆ ಅದನ್ನೇ ಹಾಕಿಕೊಂಡು ಓಡಾಡಿದೆ. ಕೆಳಗಿನ ಮನೆಯವರು ಮೇಲೆ ಏನು ಮರಗೆಲಸ ನಡೀತಿದೆ ಅಂತ ಕೇಳಿಕೊಂಡು ಬಂದರು. ದಪ್ಪ ಕೋಟು ತೊಟ್ಟು ಫ್ಯಾನು ಜೋರು ಮಾಡಿ ಕೂತೆ. ಮಲಗುವ ಚೀಲದೊಳಗೆ ಮಧ್ಯಾಹ್ನ ಮಲಗಿ ನೋಡಿದಾಗ ಗದ್ದದ ಹತ್ತಿರ ಜಿಪ್ಪು ಕಚ್ಚಿಕೊಂಡಿತು. ಊರಿನ ಬಾಗಿಲುಗಳನ್ನೆಲ್ಲ ಬಿಡಿಸುವವನು ಒಂದು ಚೀಲದೊಳಗೆ ಮುಕ್ಕಾಲು ಗಂಟೆ ಬೆವರಿದೆ. ಹೆಂಡತಿ ಬಿಡಿಸುವುದು ಬಿಟ್ಟು ಮೊದಲು ಫೋಟೋ ತೆಗೆದಳು. ನಾನು ಚೀಲಕ್ಕೆ ಹಾಕಿಟ್ಟಿದ್ದ ಸ್ಪ್ಯಾನರು, ಟೇಪು, ಕಟಿಂಗ್ ಪ್ಲೇಯರು ಎಲ್ಲವನ್ನೂ ಹೊರಗೆ ತೆಗೆದು, ಬೆಟ್ಟ ಕೆಟ್ಟು ನಿಂತರೆ ಬೇರೆ ಯಾರಾದರೂ ರಿಪೇರಿ ಮಾಡುತ್ತಾರೆ ಬಿಡಿ ಎಂದಳು. ಬೈದುಕೊಂಡೆವು, ನಕ್ಕೆವು. ಮದುವೆಯಾದ ಹೊಸತರಲ್ಲಿ ಇದ್ದ ಹಾಗಿತ್ತು ಮನೆ.

ಮನೆಯಲ್ಲಿ ಇನ್ನೊಬ್ಬರಿದ್ದಾರೆ, ನಮ್ಮತ್ತೆ, ಎಂದರೆ ಹೆಂಡತಿಯ ತಾಯಿ. ಎಪ್ಪತ್ತೊಂದು ವರ್ಷ. ಹನ್ನೊಂದು ವರ್ಷದ ಹಿಂದೆ ನಮ್ಮ ಜೊತೆ ಇರಲು ಬಂದ ದಿನ ಲಿಫ್ಟಿನ ಬಾಗಿಲಿಗೆ ಬಂದು, ಒಳಗೆ ಒಂದು ಸಲ ನೋಡಿ, ನಾನು ಮೆಟ್ಟಿಲಲ್ಲೇ ಬರುತ್ತೇನೆ ಎಂದರು. ಅಂದಿನಿಂದ ಇಂದಿನವರೆಗೆ ಅವರ ಕಾಲು ನನ್ನ ಲಿಫ್ಟಿನೊಳಗೆ ಬಿದ್ದಿಲ್ಲ. ತರಕಾರಿ ಚೀಲ ಹಿಡಿದು ಏಳು ಮಹಡಿ ಹತ್ತುತ್ತಾರೆ, ದಿನಕ್ಕೆ ಎರಡು ಸಲ. ಕಟ್ಟಡದವರೆಲ್ಲ ನನ್ನನ್ನು ಆಡಿಕೊಳ್ಳುತ್ತಾರೆ: ಮೆಕ್ಯಾನಿಕ್‌ನ ಅತ್ತೆಗೇ ಮೆಕ್ಯಾನಿಕ್ ಮೇಲೆ ನಂಬಿಕೆಯಿಲ್ಲ ಅಂತ. ಇದು ನನಗೆ ಮುಳ್ಳು. ಹನ್ನೊಂದು ವರ್ಷ ಆದರೂ ಮುಳ್ಳೇ. ಅವರ ಹತ್ತಿರ ಬೇಕಾದಷ್ಟೇ ಮಾತಾಡಿಕೊಂಡಿದ್ದೆ. ನಾವು ಹೊರಟ ಮೇಲೆ ಮನೆ ಅವರು ನೋಡಿಕೊಳ್ಳುತ್ತಾರೆ ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಅದು ಹಾಗೇ ಎಂದು ಎಲ್ಲರಿಗೂ ಗೊತ್ತಿತ್ತು.

ಪ್ರವಾಸದ ಕಚೇರಿಯವರು ಕೊಟ್ಟ ಕಾಗದದಲ್ಲಿ ದಿನಾ ಮೆಟ್ಟಿಲು ಅಭ್ಯಾಸ ಮಾಡಿ ಎಂದಿತ್ತು. ಹೆಂಡತಿ ಬೆಳಗ್ಗೆ ತನ್ನ ಅಮ್ಮನ ಹಿಂದೆಯೇ ಹೋಗಿ ಬರುತ್ತಿದ್ದಳು. ನಾನು ಅಭ್ಯಾಸವನ್ನು ಕೆಲಸದ ಜೊತೆಯಲ್ಲೇ ಇಟ್ಟುಕೊಂಡೆ. ಯಾವ ಕಟ್ಟಡಕ್ಕೆ ಹೋದರೂ ಮೆಟ್ಟಿಲು. ಮಹಡಿ ಎಣಿಸಿ ಡೈರಿಯಲ್ಲಿ ಬರೆದಿಟ್ಟೆ: ಮೂವತ್ತು, ಮೂವತ್ತಾರು, ನಲವತ್ತು. ಮೀನಖಂಡ ಹಿಡಿದುಕೊಂಡು ರಾತ್ರಿ ಹಾಸಿಗೆಯಲ್ಲಿ ಅಯ್ಯೋ ಅನ್ನಿಸಿದಷ್ಟೂ ಖುಷಿಯಾಗುತ್ತಿತ್ತು, ಕಾಲು ಗಟ್ಟಿಯಾಗುತ್ತಿದೆ ಅಂತ. ಎಲ್ಲರೆದುರು ಕೊಚ್ಚಿಕೊಂಡೆ. ಅತ್ತೆಯ ಎದುರಿಗೂ, ಸ್ವಲ್ಪ ಹೆಚ್ಚಾಗಿಯೇ.

ಪರೀಕ್ಷೆಯ ದಿನ ಬಂತು. ನಮ್ಮ ಕಟ್ಟಡದ ಹಾಗೆ ಕಚೇರಿ ಇರುವುದೂ ಹನ್ನೆರಡು ಮಹಡಿಯ ಕಟ್ಟಡದಲ್ಲೇ. ಬೆನ್ನಿಗೆ ಎಂಟು ಕಿಲೋ ಚೀಲ ಏರಿಸಿಕೊಂಡು ತುದಿಯವರೆಗೆ ಹತ್ತಬೇಕು. ಇಷ್ಟೇ ಹೊತ್ತಿನಲ್ಲಿ ಅಂತ ಇಲ್ಲ, ಆದರೆ ಎಲ್ಲೂ ಕೂರುವ ಹಾಗಿಲ್ಲ. ಡಾಕ್ಟರು ಹಿಂದೆಯೇ ಹತ್ತಿ ಬಂದು, ಮೇಲೆ ಬೆರಳಿಗೆ ಕ್ಲಿಪ್ಪು ಹಾಕಿ ನಾಡಿ, ಉಸಿರು ನೋಡುತ್ತಾರೆ. ಹೆಂಡತಿ ಮೊದಲು ಹೋದಳು, ಹತ್ತಿದಳು, ಸಹಿ ಹಾಕಿಸಿಕೊಂಡಳು. ಇವಳೇ ಪಾಸಾದ ಮೇಲೆ ನನ್ನದೇನು ಅಂತ ನಾನು ಎರಡೆರಡು ಮೆಟ್ಟಿಲು ಹಾರಿಕೊಂಡು ಹೊರಟೆ.

ಮೂರನೇ ಮಹಡಿಯಲ್ಲಿ ಬಾಯಿ ಒಣಗಿತು. ನಾಲ್ಕರಲ್ಲಿ ಎದೆ ಬಡಿದುಕೊಳ್ಳುವುದು ಕಿವಿಗೆ ಕೇಳಿಸಿತು. ಆರನೇ ಮಹಡಿಯ ತಿರುವಿನಲ್ಲಿ, ಯಾರದೋ ಮನೆಯ ಚಪ್ಪಲಿ ಗೂಡಿನ ಪಕ್ಕ, ನಾನು ಕೂತುಬಿಟ್ಟೆ. ಹಿಂದೆಯೇ ಬರುತ್ತಿದ್ದ ಡಾಕ್ಟರಮ್ಮ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿದರು. ನನಗೆ ಮಗಳಾಗುವ ವಯಸ್ಸು ಇದ್ದಿರಬೇಕು. ಬೈಯಲಿಲ್ಲ, ಅದೇ ಇನ್ನೂ ಕಷ್ಟವಾಯಿತು.

"ಸರ್, ತಯಾರಿ ಏನು ಮಾಡಿದ್ರಿ?"

"ದಿನಾ ನಲವತ್ತು ಮಹಡಿ ಡಾಕ್ಟರಮ್ಮ. ಒಂದು ದಿನಾನೂ ತಪ್ಪಿಸಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು, ಕ್ಲಿಪ್ಪು ನೋಡಿದರು. "ನಲವತ್ತು ಮಹಡಿ ಹತ್ತಿದ್ರಾ?"

ಆಗ ಹೊಳೆಯಿತು ನೋಡಿ. ಲಿಫ್ಟಿನ ಕೆಲಸದವರ ಕ್ರಮ ಒಂದೇ. ಮೊದಲು ಲಿಫ್ಟಿನಲ್ಲೇ ತುದಿಗೆ ಹೋಗಿ ಮೋಟಾರು, ಬ್ರೇಕು, ಹಗ್ಗ ನೋಡುವುದು. ಆಮೇಲೆ ಒಂದೊಂದೇ ಮಹಡಿ ಇಳಿಯುತ್ತ ಬಾಗಿಲುಗಳನ್ನು ನೋಡಿಕೊಂಡು ಬರುವುದು. ಮೂವತ್ತನಾಲ್ಕು ವರ್ಷದಿಂದ ನನ್ನ ಕೆಲಸ ಶುರುವಾಗುವುದೇ ಮೇಲಿನಿಂದ. ಅಭ್ಯಾಸವೂ ಹಾಗೇ ಶುರುವಾಗಿತ್ತು. ಲಿಫ್ಟಿನಲ್ಲಿ ಆರಾಮಾಗಿ ಮೇಲೆ ಹೋಗಿ, ಬೆವರು ಸುರಿಸಿಕೊಂಡು ಕೆಳಗೆ ಬರುತ್ತಿದ್ದೆ. ಡೈರಿಯಲ್ಲಿ ಬರೆದಿದ್ದ ಸಾವಿರ ಮಹಡಿಗಳಲ್ಲಿ ಒಂದನ್ನೂ ನಾನು ಹತ್ತಿರಲಿಲ್ಲ.

"ಇಳಿದೆ," ಎಂದೆ.

ಡಾಕ್ಟರಮ್ಮ ತುಟಿ ಕಚ್ಚಿಕೊಂಡು ಬರೆಯುವ ಹಲಗೆಯತ್ತ ಬಗ್ಗಿದರು. ಅವರ ಹಿಂದೆಯೇ ಬಂದಿದ್ದ ನನ್ನ ಹೆಂಡತಿಗೆ ಅಷ್ಟು ದಾಕ್ಷಿಣ್ಯ ಇರಲಿಲ್ಲ. ಕಂಬಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕಾಗದದ ಮೇಲೆ 'ಸದ್ಯಕ್ಕೆ ಬೇಡ' ಎಂದು ಬಿತ್ತು. ಮೂರು ವಾರದ ನಂತರ ಇನ್ನೊಂದು ಅವಕಾಶ, ಅದೇ ಕೊನೆಯದು. ಬಸ್ಸಿನಲ್ಲಿ ಬರುವಾಗ ಹೆಂಡತಿಯ ನಗು ನಿಂತಿತು. ನೀವು ಬರದಿದ್ದರೆ ನಾನೊಬ್ಬಳೇ ಹೋಗುವುದಿಲ್ಲ ಎಂದಳು. ಹೋಗು ಎಂದೆ, ಬಾಯಿಮಾತಿಗೆ. ಒಳಗೆ ಅಳು ಬರುವಷ್ಟು ಸಂಕಟವಾಗಿತ್ತು.

ಮನೆಯಲ್ಲಿ ಅತ್ತೆ ಪೂರ್ತಿ ಕಥೆ ಕೇಳಿದರು. ನಗುತ್ತಾರೆ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ. ನಗಲಿಲ್ಲ. ಮಾರನೇ ದಿನ ಬೆಳಗ್ಗೆ ಆರಕ್ಕೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತು, ಅಳಿಯಂದಿರೇ, ಬನ್ನಿ ಎಂದರು. ನನಗೆ ಮೈ ಉರಿಯಿತು. ಆದರೂ ಹೋದೆ. ಸಹಿ ಬೇಕಿತ್ತಲ್ಲ.

ನೆಲಮಹಡಿಯಿಂದ ಶುರು ಮಾಡಿದೆವು. ನಾನು ನನ್ನ ಚಾಳಿಯಂತೆ ನುಗ್ಗಿದೆ. ಅವರು ಎರಡನೇ ಮಹಡಿಯಿಂದಲೇ ಕೂಗಿ, ಹಿಂದೆ ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ ಎಂದು ಕೇಳಿದರು. ಅವರ ಲೆಕ್ಕ ಸರಳ: ಒಂದು ಮೆಟ್ಟಿಲಿಗೆ ಒಂದು ಉಸಿರು, ಮಾತಾಡಿಕೊಂಡೇ ಹತ್ತಬೇಕು, ಮಾತಾಡಲು ಆಗದಿದ್ದರೆ ಕಾಲು ಜಾಸ್ತಿ ಓಡುತ್ತಿದೆ ಅಂತ ಅರ್ಥ. ಹೀಗಾಗಿ ಹನ್ನೊಂದು ವರ್ಷ ಬೇಕಾದಷ್ಟೇ ಮಾತಾಡಿದ ನಾನು ಅತ್ತೆಯ ಜೊತೆ ಬೆಳಗ್ಗೆ ಮುಕ್ಕಾಲು ಗಂಟೆ ಬೇಡದ್ದನ್ನೆಲ್ಲ ಮಾತಾಡಬೇಕಾಯಿತು. ಮೊದಲ ದಿನ ಬೈಗುಳ ಬಿಟ್ಟು ನನ್ನ ಬಾಯಿಗೆ ಏನೂ ಬರಲಿಲ್ಲ. ಆಮೇಲೆ ಬಂತು. ಪ್ರತಿ ಮಹಡಿಯಲ್ಲೂ ಯಾರಾದರೊಬ್ಬರು ಬಾಗಿಲು ತೆರೆದು ಅವರನ್ನು ಮಾತಾಡಿಸುತ್ತಿದ್ದರು. ಮೂರನೇ ಮಹಡಿಯ ಟೀಚರಿಗೆ ಮೊಣಕಾಲು ನೋವು, ಒಂಬತ್ತರಲ್ಲಿ ಹೊಸ ಸೊಸೆಗೆ ಕೆಲಸ ಸಿಕ್ಕಿದೆ. ಎಲ್ಲ ಇವರಿಗೆ ಗೊತ್ತು. ಇಪ್ಪತ್ತು ವರ್ಷದಿಂದ ಇದೇ ಕಟ್ಟಡದಲ್ಲಿದ್ದೂ ನನಗೆ ಅವರ ಬಾಗಿಲುಗಳಷ್ಟೇ ಗೊತ್ತಿದ್ದವು.

ಐದನೇ ದಿನವೋ ಆರನೇ ದಿನವೋ ಕೇಳಿಯೇಬಿಟ್ಟೆ, ನನ್ನ ಲಿಫ್ಟಿನ ಮೇಲೆ ನಿಮಗೇಕೆ ನಂಬಿಕೆಯಿಲ್ಲ ಅಂತ. ಅವರು ಮೆಟ್ಟಿಲ ಮೇಲೆ ನಿಂತು ನನ್ನನ್ನೇ ನೋಡಿದರು.

"ನಂಬಿಕೆ ಇಲ್ಲ ಅಂತ ಯಾರು ಹೇಳಿದ್ದು? ಮೊದಲನೇ ದಿನ ನೋಡಿದೆ. ಒಳಗೆ ನಾಲ್ಕು ಜನ ಇದ್ರು, ನಾಲ್ಕೂ ಜನ ಬಾಗಿಲ ಕಡೆ ಮುಖ ಮಾಡಿ ನಿಂತಿದ್ರು. ಈ ಊರಲ್ಲಿ ನನಗೆ ಯಾರೂ ಗೊತ್ತಿರಲಿಲ್ಲ. ಮೆಟ್ಟಿಲಲ್ಲಿ ಹೋದ್ರೆ ಯಾರಾದ್ರೂ ಮಾತಾಡಿಸ್ತಾರೆ ಅಂತ ಅನ್ನಿಸ್ತು, ಅಷ್ಟೇ."

ಹನ್ನೊಂದು ವರ್ಷ ಹೊತ್ತುಕೊಂಡ ಸಿಟ್ಟನ್ನು ಎಲ್ಲಿ ಇಳಿಸಬೇಕು ಅಂತ ಗೊತ್ತಾಗಲಿಲ್ಲ. ಆ ದಿನ ಹತ್ತನೇ ಮಹಡಿಯವರೆಗೆ ನಿಲ್ಲದೆ ಹತ್ತಿದೆ.

ಎರಡನೇ ವಾರದ ಕೊನೆಗೆ ಹನ್ನೆರಡೂ ಮಹಡಿ ಹತ್ತಿ ತಾರಸಿಗೆ ಬಂದೆವು. ನನಗೆ ಕುಣಿಯುವುದೊಂದು ಬಾಕಿ. ಅತ್ತೆ ಮೋಟುಗೋಡೆಗೆ ಕೈ ಊರಿ ದೂರ ನೋಡುತ್ತಿದ್ದರು. ಪರ್ವತದ ಮೇಲೆ ಮೋಡ ನಮ್ಮ ಕಾಲ ಕೆಳಗೆ ಕಾಣುತ್ತದಂತೆ ಹೌದೇ ಎಂದು ಕೇಳಿದರು. ಹೌದೆಂದೆ. ಮೊನ್ನೆ ಮೈನಸ್ ಒಂಬತ್ತು ಇತ್ತು, ಇವತ್ತು ಏಳು, ಮೂರನೇ ದಿನದ ನಡಿಗೆಯಲ್ಲಿ ಒಂದು ಕೆರೆ ಸಿಗುತ್ತದೆ, ಅದು ಬೆಳಗ್ಗೆ ಹತ್ತರವರೆಗೂ ಹೆಪ್ಪುಗಟ್ಟಿರುತ್ತದೆ ಎಂದು ಅವರೇ ಹೇಳುತ್ತ ಹೋದರು. ನಾನು ಬೆಳಗ್ಗೆ ಓದಿದ್ದು, ರಾತ್ರಿ ಹೆಂಡತಿಗೆ ಹೇಳಿದ್ದು, ಒಂದಕ್ಷರ ಬಿಡದೆ ನೆನಪಿಟ್ಟಿದ್ದರು. ಇಷ್ಟು ಆಸೆ ಇದ್ದರೆ ಒಂದು ಮಾತು ಹೇಳಬಾರದಿತ್ತೇ ಎಂದೆ.

"ನನ್ನನ್ನ ಯಾರೂ ಕೇಳಲಿಲ್ಲವಲ್ಲ," ಎಂದರು ಅತ್ತೆ. ಆಕ್ಷೇಪಣೆಯ ದನಿ ಅಲ್ಲ. ಕಾಲಿನಿಂದ ಜಾರಿದ ಚಪ್ಪಲಿಯನ್ನು ಸರಿಮಾಡಿಕೊಳ್ಳುತ್ತ ಹೇಳಿದರು.

ಅಲ್ಲೇ ಕೇಳಬಹುದಿತ್ತು, ನೀವೂ ಬನ್ನಿ ಅಂತ. ಆದರೆ ಯಾವ ಮುಖ ಇಟ್ಟುಕೊಂಡು ಕೇಳಲಿ? ನನಗೇ ಸಹಿ ಬಿದ್ದಿಲ್ಲ. ನಾನು ಹೋಗದಿದ್ದರೆ ಹೆಂಡತಿ ಹೋಗಳು, ಅವಳು ಹೋಗದಿದ್ದರೆ ಅತ್ತೆಯ ಮಾತೇ ಇಲ್ಲ. ಆಸೆ ತೋರಿಸಿ ಕಿತ್ತುಕೊಳ್ಳುವ ಪಾಪ ನನಗೆ ಬೇಡ ಅನ್ನಿಸಿತು. ಹೆಂಡತಿಗೆ ಮಾತ್ರ ಹೇಳಿದೆ. ಅವಳು ಮಡಚುತ್ತಿದ್ದ ಸ್ವೆಟರನ್ನು ಕೆಳಗಿಟ್ಟಳು. ನಾನು ಮಗಳಾಗಿ ಕೇಳಬೇಕಿತ್ತು ಎಂದಳು. ಮಾರನೇ ದಿನ ಕಚೇರಿಗೆ ಫೋನು ಮಾಡಿದೆವು. ಗುಂಪಿನಲ್ಲಿ ನನ್ನ ಹಾಗೇ ಸಹಿ ಬೀಳದ ಇನ್ನೊಬ್ಬರು ಹಿಂದೆ ಸರಿದಿದ್ದರು, ಒಂದು ಜಾಗ ಖಾಲಿಯಿತ್ತು. ಎರಡನೇ ಪರೀಕ್ಷೆಯ ದಿನದವರೆಗೆ ಇಟ್ಟಿರುತ್ತೇವೆ ಎಂದರು.

ಆ ದಿನ ಮೂವರೂ ಹೋದೆವು. ಅತ್ತೆಗೆ ಏನೂ ಗೊತ್ತಿಲ್ಲ, ಅಳಿಯನಿಗೆ ಧೈರ್ಯ ಹೇಳಲು ಬಂದಿದ್ದೇನೆ ಅಂದುಕೊಂಡಿದ್ದರು. ನನಗೆ ಅವರ ನಡಿಗೆಯೇ ರೂಢಿಯಾಗಿಬಿಟ್ಟಿದೆ, ಅವರು ಮುಂದೆ ನಡೆಯಬಹುದೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಕೈ ಹಿಡಿಯುವ ಹಾಗಿಲ್ಲ, ಮುಂದೆ ಯಾರು ಬೇಕಾದರೂ ನಡೆಯಲಿ ಎಂದರು. ಅತ್ತೆ ಕೈಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಹಿಂದೆ ಎಂಟು ಕಿಲೋ ಹೊತ್ತ ನಾನು, ನನ್ನ ಹಿಂದೆ ಡಾಕ್ಟರಮ್ಮ, ಕೊನೆಗೆ ಹೆಂಡತಿ.

ಆರನೇ ಮಹಡಿಯ ಚಪ್ಪಲಿ ಗೂಡು ಬಂತು, ಹೋಯಿತು. ಎಂಟರಲ್ಲಿ ತೊಡೆ ನಡುಗಿತು. ಅತ್ತೆ ಹಿಂತಿರುಗದೆಯೇ, ಮಾತಾಡಿ ಎಂದರು. ಏನು ಮಾತಾಡಲಿ, ಬಾಯಿಗೆ ಬಂದದ್ದು ಹೇಳಿದೆ: ಈ ಕಟ್ಟಡದ ಲಿಫ್ಟಿನ ಸದ್ದು ಕೇಳಿದರೆ ಯಾರೂ ಎಣ್ಣೆ ಹಾಕದೆ ಆರು ತಿಂಗಳಾಗಿರಬೇಕು, ಇಂಥವರಿಗೆಲ್ಲ ಯಾರು ಕೆಲಸ ಕೊಡುತ್ತಾರೋ. ಬೈಯುತ್ತ ಬೈಯುತ್ತ ಹನ್ನೊಂದು ದಾಟಿತು. ಹನ್ನೆರಡನೆಯದರ ಕೊನೆಯ ಮೆಟ್ಟಿಲ ಮೇಲೆ ಎರಡೂ ಕಾಲು ಊರಿದಾಗ ಎದೆ ಜೋರಾಗಿಯೇ ಬಡಿದುಕೊಳ್ಳುತ್ತಿತ್ತು, ಆದರೆ ನನ್ನ ಮಾತಿನ್ನೂ ನಿಂತಿರಲಿಲ್ಲ. ಡಾಕ್ಟರಮ್ಮ ಕ್ಲಿಪ್ಪು ಹಾಕಿದರು, ಕಾದರು, ಇನ್ನೊಮ್ಮೆ ನೋಡಿದರು. ಸಹಿ ಹಾಕಿದರು. ನನಗೆ ಆ ಹುಡುಗಿಯ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಕ್ಲಿಪ್ಪು ತೆಗೆದುಕೊಂಡು ಹೊರಟವರನ್ನು ತಡೆದು, ಇವರಿಗೂ ಒಂದು ಸಲ ಹಾಕಿ ನೋಡಿ ಎಂದೆ. ಅತ್ತೆ ಬೇಡ ಬೇಡ ಎಂದು ಕೈ ಹಿಂದಕ್ಕೆಳೆದುಕೊಂಡರು. ಮಗಳು ಹಿಡಿದು ಮುಂದಕ್ಕೆ ಕೊಟ್ಟಳು. ಡಾಕ್ಟರಮ್ಮ ಅಂಕಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ರಕ್ತದೊತ್ತಡ ನೋಡಿದರು, ವಯಸ್ಸು ಕೇಳಿದರು, ಉತ್ತರ ನಂಬದೆ ಮತ್ತೆ ಕೇಳಿದರು. ಚೀಲ ಹೊರಿಸದೆ, ನಿಧಾನವಾಗಿ ಕರೆದುಕೊಂಡು ಹೋಗುವುದಾದರೆ ತಮ್ಮ ಅಡ್ಡಿ ಇಲ್ಲ ಎಂದರು. ಯಾವುದಕ್ಕೆ ಅಡ್ಡಿ ಎಂದು ಅತ್ತೆಗೆ ಅರ್ಥವಾಗಲಿಲ್ಲ. ನಮ್ಮಿಬ್ಬರ ಮುಖವನ್ನೂ ನೋಡಿದರು.

"ಅತ್ತೆ, ನೀವೂ ನಮ್ಮ ಜೊತೆ ಪರ್ವತಕ್ಕೆ ಬರ್ತೀರಾ?"

ಅವರು ಮಗಳ ಕಡೆ ತಿರುಗಿದರು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಗೋಡೆ ನೋಡುತ್ತಿದ್ದಳು. ಮತ್ತೆ ನನ್ನ ಕಡೆ ತಿರುಗಿದರು.

"ಇವಳು ಹೇಳಿಕೊಟ್ಟಿದ್ದಾ, ನೀವೇ ಕೇಳ್ತಿದ್ದೀರಾ?"

"ನಾನೇ."

ಕೈಚೀಲವನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ ಮೆಟ್ಟಿಲ ಕಂಬಿ ಹಿಡಿದುಕೊಂಡರು. ಹನ್ನೆರಡು ಮಹಡಿ ಹತ್ತಿ ಏರದ ಉಸಿರು ಈಗ ಏರಿತ್ತು.

"ಹಾಗಾದ್ರೆ ಇನ್ನೊಂದು ಸಲ ಕೇಳಿ," ಎಂದರು.

ನಾನು ಇನ್ನೊಂದು ಸಲ ಕೇಳಿದೆ.