ಸ್ಯಾಂಪಲ್ ಫ್ಲ್ಯಾಟಿನಲ್ಲಿ ಶಾರ್ದೂಲ

ಎಡಗಡೆಯ ಮೀಸೆ ಆಗಲೇ ಹೋಗಿತ್ತು. ಇನ್ನು ಹಿಂದೆ ಸರಿಯುವ ಮಾತೇ ಇಲ್ಲ. ಭುಜಂಗ ಬಲಗಡೆಯದಕ್ಕೂ ಸೋಪು ಹಚ್ಚಿದ. ಇಷ್ಟು ವರ್ಷ ಮುಖದ ಮೇಲೆ ಬಿಟ್ಟಿ ಬಿಡಾರ ಹೂಡಿದ್ದ ಮೀಸೆ ಬೇಸಿನ್ನಿನಲ್ಲಿ ಒಂದು ಸುತ್ತು ಸುತ್ತಿ ಇಳಿದುಹೋಯಿತು. ಶಾರ್ದೂಲನಿಗೆ ಮೀಸೆಯಿಲ್ಲ.

ಭುಜಂಗ ಕಲ್ಯಾಣದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಿದ್ದ. ಬೇರೆ ಹೆಸರಿಟ್ಟುಕೊಂಡು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ. ಹನ್ನೊಂದು ಪುಸ್ತಕಗಳಿಗೂ ನಾಯಕ ಒಬ್ಬನೇ, ಶಾರ್ದೂಲ. ಬಾಗಿಲು ತಟ್ಟುವವನಲ್ಲ, ಒದೆಯುವವನು. ಅವನು ಬಲಹುಬ್ಬು ಎತ್ತಿದರೆ ಸಾಕು, ಎದುರಿಗಿದ್ದವರು ತಪ್ಪೊಪ್ಪಿಕೊಳ್ಳುತ್ತಿದ್ದರು. ಭುಜಂಗನ ಎದುರಿಗಿದ್ದವರು ಹಾಜರಿ ಮುಗಿದ ಕೂಡಲೇ ಹಿಂದಿನ ಬಾಗಿಲಿನಿಂದ ಜಾಗ ಖಾಲಿ ಮಾಡುತ್ತಿದ್ದರು.

ಈಗ ಠಾಣೆ ಶಹರದಲ್ಲಿ ಹೋಟೆಲು ನಡೆಸುತ್ತಿದ್ದ ಗುರುವಪ್ಪನವರು ಆ ಪುಸ್ತಕಗಳನ್ನು ಸಿನಿಮಾ ಮಾಡಲು ಹೊರಟಿದ್ದರು.

"ಶಾರ್ದೂಲನನ್ನು ಆರಿಸ್ಲಿಕ್ಕೆ ನೀವೇ ಬರ್ಬೇಕು ಮಾಸ್ಟ್ರೇ," ಎಂದಿದ್ದರು ಫೋನಿನಲ್ಲಿ. "ಅವ ಹೇಗಿದ್ದಾನೆ ಅಂತ ನಿಮ್ಮನ್ನು ಬಿಟ್ಟು ಬೇರೆ ಯಾರಿಗೆ ಗೊತ್ತುಂಟು?"

ಭುಜಂಗ ಆ ಮಾತನ್ನು ಮೆಲುಕು ಹಾಕಿದ. ಶಾರ್ದೂಲನನ್ನು ಬಲ್ಲವನೇ ಶಾರ್ದೂಲನಾಗಬಲ್ಲ. ಬಲ್ಲವನು ತಾನೊಬ್ಬನೇ. ಆದ್ದರಿಂದ! ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಬಾಯಿಬಿಟ್ಟು ಕೇಳಲು ಗುರುವಪ್ಪನವರಿಗೆ ಸಂಕೋಚ, ಅಷ್ಟೆ.

"ಮೀಸೆಗೆ ಎಂತ ಆಯ್ತು?" ಚಹಾ ಹಿಡಿದು ಬಂದ ಹೆಂಡತಿ ವಿನೋದಾ ಬಾಗಿಲಲ್ಲೇ ನಿಂತಳು.

"ಸೆಕೆ."

"ಡಿಸೆಂಬರಿನಲ್ಲಿ?"

ಅವನು ಬಲಹುಬ್ಬು ಎತ್ತಿದ.

"ಕಣ್ಣಿಗೆ ಎಂತಾದ್ರೂ ಬಿತ್ತಾ?" ಎಂದಳು ವಿನೋದಾ.

ಡೊಂಬಿವಲಿಯಲ್ಲಿ ಯಾರೂ ಲೋಕಲ್ ರೈಲು ಹತ್ತುವುದಿಲ್ಲ, ಜನ ಹತ್ತಿಸುತ್ತಾರೆ. ಬೇರೆ ದಿನ ಅವನಿಗದು ಅವಮಾನ. ಇವತ್ತು ತನ್ನನ್ನು ಮೆರವಣಿಗೆಯಲ್ಲಿ ಹೊತ್ತೊಯ್ಯುತ್ತಿದ್ದಾರೆ ಅನ್ನಿಸಿತು. ಯಾರದೋ ಡಬ್ಬಿ ಪಕ್ಕೆಗೆ ತಿವಿಯುತ್ತಿತ್ತು, ಯಾರದೋ ಮೊಣಕೈ ಕುತ್ತಿಗೆಯ ಮೇಲಿತ್ತು, ಭುಜಂಗ ನಗುತ್ತಿದ್ದ. ಸುರಂಗದ ಕತ್ತಲೆಯಲ್ಲಿ ಹುಬ್ಬನ್ನು ಮತ್ತೆ ಮತ್ತೆ ಎತ್ತಿ ಇಳಿಸಿ ಅಭ್ಯಾಸ ಮಾಡಿದ. ಮನುಷ್ಯ ಹಿಗ್ಗಿ ಹೀರೇಕಾಯಿಯಾಗಿದ್ದ.

ಆಯ್ಕೆ ನಡೆಯುವುದು ಘೋಡಬಂದರ್ ರಸ್ತೆಯಲ್ಲಿ, ಗುರುವಪ್ಪನವರ ಪಾಲಿದ್ದ ಹೊಸ ಕಟ್ಟಡದ ಸ್ಯಾಂಪಲ್ ಫ್ಲ್ಯಾಟಿನಲ್ಲಿ. ಕಟ್ಟಡ ಇನ್ನೂ ಪಾಯದಲ್ಲೇ ಇತ್ತು. ಕೊಳ್ಳುವವರಿಗೆ ತೋರಿಸಲು ಪಕ್ಕದಲ್ಲಿ ಬೇರೆಯಾಗಿ ಕಟ್ಟಿದ ಈ ಒಂದು ಮನೆ ಮಾತ್ರ ಸಿಂಗರಿಸಿಕೊಂಡು ಕಾದಿತ್ತು. ಟಿವಿ ರಟ್ಟಿನದು. ಬುಟ್ಟಿಯ ಸೇಬು ಪ್ಲಾಸ್ಟಿಕ್ಕಿನದು. ಕಿಟಕಿಗೆ ಸಮುದ್ರದ ಚಿತ್ರ ಅಂಟಿಸಿದ್ದರು. ಕಪಾಟಿನಿಂದ ಭುಜಂಗ ಒಂದು ಪುಸ್ತಕ ಎಳೆದರೆ ಸಾಲಿಗೆ ಸಾಲೇ ಕೈಗೆ ಬಂತು. ಬರೀ ಬೆನ್ನುಗಳು, ಒಳಗೆ ಒಂದು ಹಾಳೆಯೂ ಇಲ್ಲ. ಅವನಿಗೆ ಅದೂ ತಮಾಷೆಯಾಗಿ ಕಂಡಿತು.

"ಮೀಸೆ ತೆಗೆದ್ರಾ?" ಎಂದರು ಗುರುವಪ್ಪ. "ಒಳ್ಳೇದಾಯ್ತು."

ಒಳ್ಳೇದಾಯ್ತು! ಇನ್ನೇನು ಬೇಕು?

ಮದುವೆ ವಿಡಿಯೊ ತೆಗೆದು ಪಳಗಿದ್ದ ಲತೇಶ್ ನಿರ್ದೇಶಕ. ಅವನು ಒಬ್ಬೊಬ್ಬರನ್ನೇ ಒಳಗೆ ಕರೆದ. ಹೋಟೆಲಿನ ಕ್ಯಾಷಿಯರ್ ಬಂದ. "ಕಿವಿ ದೊಡ್ಡದು," ಎಂದ ಭುಜಂಗ. ಕನ್ನಡ ಸಂಘದ ನಾಟಕಗಳಲ್ಲಿ ರಾಕ್ಷಸನಾಗುತ್ತಿದ್ದವನು ಬಂದು ಗಹಗಹಿಸಿದ. "ಶಾರ್ದೂಲ ನಗುವುದಿಲ್ಲ." ಒಬ್ಬೊಬ್ಬನನ್ನೂ ತಳ್ಳಿಹಾಕುವಾಗ ಭುಜಂಗ ಎರಡಿಂಚು ಎತ್ತರವಾಗುತ್ತಿದ್ದ.

ಕೊನೆಗೆ ದಿಲೀಪ ಬಂದ. ಕಪ್ಪು ಕನ್ನಡಕ, ಅಗಲ ಭುಜ. "ಕನ್ನಡಾ ಸಮಝತಾ ಹೂಂ ಸರ್, ಬೋಲ್ತಾ ನಹೀ," ಎಂದ.

"ಕನ್ನಡ ಆಡಲು ಬಾರದು ಅಂದ ಮೇಲೆ ಮುಗಿಯಿತಲ್ಲ," ಎಂದ ಭುಜಂಗ.

ಗುರುವಪ್ಪ ಲತೇಶನ ಮುಖ ನೋಡಿದರು. ಲತೇಶ್ ಗಂಟಲು ಸರಿಮಾಡಿಕೊಂಡ. "ಸರ್, ಶಾರ್ದೂಲ ಒಳಗೆ ಹೇಗೆ ಬರ್ತಾನೆ, ನೀವೇ ಒಮ್ಮೆ ಮಾಡಿ ತೋರಿಸ್ತೀರಾ?"

ಬಂತು, ಗಳಿಗೆ ಬಂತು. ಭುಜಂಗ ಹೊರಗೆ ಹೋದ, ಉಸಿರೆಳೆದ, ಬಾಗಿಲು ಒದ್ದ. ಅವನ ಕಾಲು ಒದೆಯಬಲ್ಲದೆಂದು ಅವನಿಗೇ ಗೊತ್ತಿರಲಿಲ್ಲ. ನಾಲ್ಕು ಹೆಜ್ಜೆ, ಸೋಫಾ, ಹುಬ್ಬು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೂ ಕೇಳದಿದ್ದರೂ ಅವನು ಇನ್ನೊಮ್ಮೆ ಮಾಡಿದ. ಹುರುಪಿನಲ್ಲಿ ಬಚ್ಚಲಿನ ಬಾಗಿಲಿಗೂ ಕಾಲೆತ್ತಿದ.

"ಅದು ಬೇಡ ಮಾಸ್ಟ್ರೇ, ಅದ್ರ ಹಿಂದೆ ಗೋಡೆ," ಎಂದರು ಗುರುವಪ್ಪ. ಆಮೇಲೆ ತೊಡೆ ತಟ್ಟಿಕೊಂಡರು. "ಇದೇ! ನನಗೆ ಬೇಕಾದ ಶಾರ್ದೂಲ ಇದೇ!"

ಭುಜಂಗ ವಿನಯದಿಂದ ತಲೆ ತಗ್ಗಿಸಿದ.

"ದಿಲೀಪ, ದೇಖಾ? ಐಸಾ ಹೀ ಕರನಾ," ಎಂದರು ಗುರುವಪ್ಪ. "ಮಾಸ್ಟ್ರು ತೋರಿಸಿದ ಹಾಗೇ ಮಾಡು, ಮಾತು ಯಾರಾದ್ರೂ ಡಬ್ ಮಾಡ್ತಾರೆ."

ತಗ್ಗಿದ ತಲೆ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು.

"ಸರಿಯಾ ಮಾಸ್ಟ್ರೇ?"

"ಸರಿ," ಎಂದ ಭುಜಂಗ. "ಮೀಸೆಯೂ ಇಲ್ಲ ಅವನಿಗೆ."

ಲತೇಶ್ ಅವನನ್ನು ಸೋಫಾದಲ್ಲಿ ಕೂರಿಸಿದ. ದಿಲೀಪನ ಜಾಗಕ್ಕೆ ಬೆಳಕು ಹೊಂದಿಸಬೇಕಿತ್ತಂತೆ. "ಹುಬ್ಬು ಎತ್ತಿ ಸರ್. ಹಾಂ, ಹಾಗೇ ಇರಿ." ಬೆಳಕು ಹೊಂದಿತು. ಅಷ್ಟರಲ್ಲಿ ಊಟದ ಹೊತ್ತಾಯಿತು. ಕಾರಿನಲ್ಲಿ ದಿಲೀಪ ಕೂತ ಮೇಲೆ ಜಾಗ ಉಳಿಯಲಿಲ್ಲ. "ಗಾಡಿ ವಾಪಸ್ ಕಳಿಸ್ತೇವೆ," ಎಂದು ಕೂಗಿ ಹೋದರು.

ಭುಜಂಗ ಹಾಗೇ ಇದ್ದ.

ಗಾಡಿ ಬರಲಿಲ್ಲ. ಬಂದದ್ದು ಫ್ಲ್ಯಾಟ್ ನೋಡಲು ಒಂದು ಮರಾಠಿ ಸಂಸಾರ, ಜೊತೆಗೆ ಫ್ಲ್ಯಾಟ್ ಮಾರುವವನು. ಗಂಡ ಗೋಡೆಗಳನ್ನು ತಟ್ಟಿ ನೋಡಿದ, ಹೆಂಡತಿ ಪರದೆ ಮುಟ್ಟಿದಳು. ಈ ಸಾಮಾನೆಲ್ಲ ಮನೆಯ ಜೊತೆ ಸಿಗುತ್ತದೆಯೇ ಎಂದಳು. ಇಲ್ಲ ತಾಯಿ, ಬರೀ ತೋರಿಸಲಿಕ್ಕೆ, ಎಂದ ಮಾರುವವನು.

ಅವರ ಪುಟ್ಟ ಹುಡುಗಿ ಸೇಬು ಕಚ್ಚಿ, ಮುಖ ಕಿವಿಚಿ, ಸೋಫಾದ ಹತ್ತಿರ ಬಂದಳು. ಭುಜಂಗನ ಮೊಣಕಾಲನ್ನು ಬೆರಳಿನಿಂದ ಒತ್ತಿದಳು.

"ಆಯೀ, ಹಾ ಪಣ್ ಖೋಟಾ ಆಹೇ ಕಾ?"

ಇವನೂ ಖೋಟಾನೇ? ಅವನ ಹೊಟ್ಟೆಯೊಳಗಿಂದ ನಗು ಉಕ್ಕಿಬಂತು. ಕಣ್ಣು ಮಿಟುಕಿಸಿದರೆ ಹುಡುಗಿ ಕಿಟಾರನೆ ಕಿರುಚುತ್ತಾಳೆ, ಎಲ್ಲರೂ ನಗುತ್ತಾರೆ, ಅವನು ಎದ್ದು ರಿಕ್ಷಾ ಹಿಡಿಯಬಹುದು. ಅಷ್ಟೇ ಮಾಡಬೇಕಿತ್ತು. ಮಾಡಲಿಲ್ಲ. ಉಸಿರು ಬಿಗಿಹಿಡಿದ. ಎಷ್ಟು ಚೆನ್ನಾಗಿ ಮಾಡುತ್ತಿದ್ದೇನೆ ಅನ್ನಿಸಿ ಮೈ ಜುಮ್ಮೆಂದಿತು.

ಹುಡುಗಿ ಕಚ್ಚಿದ ಸೇಬನ್ನು ಅವನ ಅಂಗೈಯಲ್ಲಿಟ್ಟು ಓಡಿಹೋದಳು. ಮಾರುವವನು ದೀಪ ಆರಿಸಿ ಬಾಗಿಲೆಳೆದುಕೊಂಡ. ಸಮುದ್ರ ಕಾಣದಾಯಿತು. ಕತ್ತಲೆಯಲ್ಲಿ ಭುಜಂಗ ಕೂತೇ ಇದ್ದ, ಅಂಗೈಯಲ್ಲಿ ಸೇಬು, ಬಲಹುಬ್ಬು ಮೇಲೆ.